ಆರೈಕೆ ಮಾಡಿದವರಿಗೂ ಆಸರೆ ಬೇಕು



2003ರಲ್ಲಿ ಸಾರ್ಸ್ ಕಾಯಿಲೆ ಕೆನಡಾ ದೇಶದ ಟೊರಾಂಟೊ ನಗರವನ್ನು ಮುಟ್ಟಿದಾಗ, ಅದು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ಇಬ್ಬರು ದಾದಿಯರೂ ಒಬ್ಬ ವೈದ್ಯರೂ ತೀರಿಕೊಂಡರು. ಎಷ್ಟೋ ಸಿಬ್ಬಂದಿ ಮನೆ, ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೋಗುವಂತಿರಲಿಲ್ಲ. ಮನೆಯವರಿಂದಲೂ ದೂರವೇ ಇರಬೇಕಾಗಿತ್ತು.

ಕಾಯಿಲೆ ಆ ವರ್ಷವೇ ನಿಂತರೂ ಮನಸ್ಸಿನ ಭಾರ ಇಳಿಯಲಿಲ್ಲ. ಒಂದೆರಡು ವರ್ಷಗಳ ನಂತರ ಸಂಶೋಧಕರು ವಿಚಾರಿಸಿದಾಗ, ಸಾರ್ಸ್ ರೋಗಿಗಳನ್ನು ನೋಡಿಕೊಂಡ ಟೊರಾಂಟೊ ಆಸ್ಪತ್ರೆಗಳ ಸಿಬ್ಬಂದಿಯಲ್ಲಿ, ಅಂಥ ರೋಗಿಗಳಿಲ್ಲದಿದ್ದ ಹ್ಯಾಮಿಲ್ಟನ್ ಆಸ್ಪತ್ರೆಗಳ ಸಿಬ್ಬಂದಿಗಿಂತ ಬಳಲಿಕೆ, ಬೇಗುದಿ ಹೆಚ್ಚಾಗಿದ್ದವು. ಸಾಕಷ್ಟು ತರಬೇತಿ, ರಕ್ಷಣೆ, ನೈತಿಕ ಬೆಂಬಲ ಸಿಕ್ಕಿತೆಂದವರಲ್ಲಿ ಅವು ಕಡಿಮೆಯಿದ್ದವು.

ಕೊರೊನಾ ಬಂದಾಗ, 2020ರ ಮಾರ್ಚ್ 22ರ ಸಂಜೆ, ನಾವೂ ಇಂಥವರಿಗಾಗಿ ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ನಮ್ಮ ದೇಶದ ಕೆಲವೆಡೆ ದಾದಿಯರಿಗೆ ಬಾಡಿಗೆ ಮನೆ ಖಾಲಿ ಮಾಡಿರೆಂದವರೂ ಇದ್ದರು.

ಅಂದು ಆಸ್ಪತ್ರೆಯಲ್ಲಿ ದುಡಿದ ಮಗಳೋ ಸೊಸೆಯೋ ನಮ್ಮ ಧರ್ಮಕೇಂದ್ರದಲ್ಲೂ ಇರಬಹುದು. ಸುಮ್ಮನಿದ್ದಾಳೆಂದರೆ ಸರಿಹೋದಳೆಂದು ತಿಳಿಯದಿರೋಣ. ಪಕ್ಕದಲ್ಲಿ ಕುಳಿತು ವಿಚಾರಿಸೋಣ. ಅಗತ್ಯವಿದ್ದರೆ ಮನೋವೈದ್ಯರ ಬಳಿಗೆ ಜೊತೆಯಲ್ಲಿ ಹೋಗೋಣ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.