2035ರ ಕತೆ

ಹವಾಮಾನ ಬದಲಾವಣೆಯ ಮಾತು ಬಂದರೆ ದೆಹಲಿಯ ನನ್ನ ಗೆಳೆಯರಲ್ಲಿ ಒಬ್ಬರಾದರೂ 2035ರ ಕತೆ ತೆಗೆಯುತ್ತಾರೆ. “ಹಿಮಾಲಯದ ಹಿಮವೆಲ್ಲ ಕರಗಿಹೋಗುತ್ತೆ ಅಂದಿದ್ದರಲ್ಲ, ಅದೇ ಸುಳ್ಳಾದ ಮೇಲೆ ಉಳಿದದ್ದನ್ನು ಯಾಕೆ ನಂಬಬೇಕು?” ಎನ್ನುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಯಮುನೆ, ಗಂಗೆಯರ ನೀರು ಕುಡಿದು ಬದುಕುವ ನಮಗೆ ಉತ್ತರವೂ ಬೇಕು. ಹಾಗಾಗಿ ಆ ಕತೆಯನ್ನು ಮೊದಲಿನಿಂದ ಹೇಳುತ್ತೇನೆ.

2007ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ತನ್ನ ನಾಲ್ಕನೆಯ ವರದಿ ಹೊರತಂದಿತು. ಅದರ ಎರಡನೆಯ ಸಂಪುಟದ ಏಷ್ಯಾ ಅಧ್ಯಾಯ, ಭೂಮಿ ಹೀಗೇ ಬಿಸಿಯಾದರೆ 2035ರ ಹೊತ್ತಿಗೆ ಹಿಮಾಲಯದ ಹಿಮನದಿಗಳು ಇಲ್ಲವಾಗುವ ಸಂಭವ ತೀರಾ ಹೆಚ್ಚು ಎಂದಿತು. ಇದಕ್ಕೆ ಆಧಾರ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ 2005ರ ವರದಿ. ಅದಕ್ಕೆ ಆಧಾರ 1999ರ ‘ನ್ಯೂ ಸೈಂಟಿಸ್ಟ್’ ಪತ್ರಿಕೆಯ ಒಂದು ಸುದ್ದಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ರಷ್ಯದ ವಿಜ್ಞಾನಿ ಕೋಟ್ಲ್ಯಾಕೋವ್ 1996ರಲ್ಲಿ ಧ್ರುವಗಳಾಚೆಯ ಹಿಮನದಿಗಳ ಬಗ್ಗೆ ಬರೆದಾಗ ಹೇಳಿದ್ದ ವರ್ಷ 2350! ಅದೇ ಅಧ್ಯಾಯದಲ್ಲಿ ಪಿಂಡಾರಿ ಹಿಮನದಿ ವರ್ಷಕ್ಕೆ 135 ಮೀಟರ್ ಹಿಂದೆ ಸರಿದಿದೆ ಎಂದಿತ್ತು. ಅದು ಸರಿದದ್ದು 121 ವರ್ಷಗಳಲ್ಲಿ 2840 ಮೀಟರ್. ಭಾಗಿಸಿದವರು 121ರ ಬದಲು 21ರಿಂದ ಭಾಗಿಸಿದ್ದರು. ಸರಿಯಾದ ಲೆಕ್ಕ ಸುಮಾರು 23 ಮೀಟರ್.

2009ರ ನವೆಂಬರಿನಲ್ಲಿ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್, ಭೂವಿಜ್ಞಾನಿ ವಿ. ಕೆ. ರೈನಾ ಅವರ ಪ್ರಬಂಧವೊಂದನ್ನು ಬಿಡುಗಡೆ ಮಾಡಿದರು. ಹಿಮನದಿಗಳು ಅಸಹಜ ವೇಗದಲ್ಲಿ ಕರಗುತ್ತಿವೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂಬುದು ಅದರ ವಾದ. ಐಪಿಸಿಸಿ ಅಧ್ಯಕ್ಷ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ತಳ್ಳಿಹಾಕಿದರು. ಸಚಿವಾಲಯ, ಪಚೌರಿಯವರ ಟೆರಿ ಸಂಸ್ಥೆ ಎರಡೂ ಇದ್ದದ್ದು ಲೋಧಿ ರಸ್ತೆಯಲ್ಲೇ. ಮೂರು ತಿಂಗಳೊಳಗೆ, 2010ರ ಜನವರಿ 20ರಂದು, ಐಪಿಸಿಸಿ ವಿಷಾದ ವ್ಯಕ್ತಪಡಿಸಬೇಕಾಯಿತು.

ಇಲ್ಲಿಯವರೆಗೆ ಗೆಳೆಯರು ಹೇಳುವುದು ನಿಜ. ಅವರು ಬಿಟ್ಟುಬಿಡುವ ಭಾಗ ಇನ್ನೊಂದಿದೆ. ಆ ಅಂಕಿಯನ್ನು ಬೆನ್ನಟ್ಟಿ ಮೂಲದವರೆಗೆ ಹೋದವರು ಕೆನಡಾದ ಗ್ರಹಾಂ ಕಾಗ್ಲಿಯಂಥ ಹಿಮನದಿ ತಜ್ಞರು. ಭೂಮಿ ಬಿಸಿಯಾಗುತ್ತಿರುವುದನ್ನು ಅಳೆಯುವುದೇ ಅವರ ಕಸುಬು. ಅದೇ ವರದಿಯ ಮೊದಲನೆಯ, ಭೌತವಿಜ್ಞಾನದ ಸಂಪುಟದಲ್ಲಿ 2035ರ ಮಾತೇ ಇರಲಿಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆ ಎಂಬುದನ್ನು ಟಿಂಡಾಲ್ 1859ರಲ್ಲೇ ಪ್ರಯೋಗಶಾಲೆಯಲ್ಲಿ ತೋರಿಸಿದ್ದ. ಒಂದು ಪುಟದ ತಪ್ಪಿನಿಂದ ಅದು ಬೀಳುವುದಿಲ್ಲ.

ಸಂಶಯಪಟ್ಟದ್ದರಿಂದ ಒಳ್ಳೆಯದೇ ಆಯಿತು ಎನ್ನುತ್ತೇನೆ ನಾನು. ಆದರೆ ತಪ್ಪು ಸಿಕ್ಕ ಕೂಡಲೇ ಸಂಶಯ ಅಲ್ಲಿಗೇ ನಿಲ್ಲಬಾರದು, ಮತ್ತೆ ಅಳೆದು ನೋಡಬೇಕು. ಹಾಗೆ ಅಳೆದವರೂ ಇದ್ದಾರೆ. 1970ರ ದಶಕದ ಅಮೆರಿಕದ ಬೇಹು ಉಪಗ್ರಹಗಳ ಹಳೆಯ ಚಿತ್ರಗಳನ್ನು ಹೊಸ ಚಿತ್ರಗಳ ಪಕ್ಕ ಇಟ್ಟು ಹಿಮಾಲಯದ ಸುಮಾರು 650 ಹಿಮನದಿಗಳನ್ನು ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. 2000ದ ನಂತರ ಹಿಮ ಕರಗುವ ವೇಗ ಅದಕ್ಕೆ ಮೊದಲಿನ ಕಾಲು ಶತಮಾನದ ಸುಮಾರು ಎರಡರಷ್ಟಾಗಿತ್ತು.

2035 ಬರಲು ಇನ್ನು ಹೆಚ್ಚು ಕಾಲವಿಲ್ಲ. ಆ ವರ್ಷವೂ ಗಂಗೋತ್ರಿಯಲ್ಲಿ ಹಿಮ ಇರುತ್ತದೆ. ಅದನ್ನು ತೋರಿಸಿ ಯಾರಾದರೂ ನಕ್ಕರೆ, ಎಷ್ಟು ಉಳಿದಿದೆ ಎಂದು ನಾವು ಕೇಳಬೇಕು.