ಬಹಳ, ಭಾಳ, ಭಾಳ ಮಾಡಿ

ಸೊಲ್ಲಾಪುರ ಜಿಲ್ಲೆಯ ದುಧನಿಯ ಕಡೆ ಎತ್ತು ನೋಡಲು ಹೋದವರ ಬಾಯಲ್ಲಿ ಬರುವ ಎರಡು ಮಾತುಗಳನ್ನು ಮೊದಲು ಅಕ್ಕಪಕ್ಕ ಇಟ್ಟುಕೊಳ್ಳೋಣ: ‘ಭಾಳ ಕರಿ ಎತ್ತ ಅದ’, ‘ಭಾಳ ಕರಿ ಎತ್ತ ಅವ’. ಮೊದಲನೆಯದರಲ್ಲಿ ಎತ್ತು ಒಂದೇ, ಹೆಚ್ಚಿರುವುದು ಅದರ ಕಪ್ಪು. ಎರಡನೆಯದರಲ್ಲಿ ಹೆಚ್ಚಿರುವುದು ಎತ್ತುಗಳೇ ಎಂದು ಕಿವಿ ಮೊದಲು ಹಿಡಿಯುತ್ತದೆ. ಬದಲಾದದ್ದು ಕೊನೆಯ ಒಂದೇ ಅಕ್ಷರ, ‘ದ’ ಇದ್ದಲ್ಲಿ ‘ವ’. ‘ಭಾಳ’ ಕೂತ ಜಾಗದಿಂದ ಕದಲಿಲ್ಲ. ಇದನ್ನೇ ಇಂಗ್ಲಿಷಿಗೆ ಒಯ್ದರೆ ಅಲ್ಲಿ ಕೆಲಸ ಹಂಚಿಹೋಗಿದೆ: ಗುಣವನ್ನು ಹಿಗ್ಗಿಸಲು ‘ವೆರಿ’, ಎಣಿಕೆಗೆ ‘ಮೆನಿ’, ನಗು-ಅಳುವಿನಂಥ ಕ್ರಿಯೆಗಳಿಗೆ ‘ಮಚ್’. ದುಧನಿಯ ಹುಡುಗ ‘ಭಾಳ ಮಂದಿ’ಯನ್ನು ‘ವೆರಿ ಪೀಪಲ್’ ಎಂದು ಬರೆದರೆ ಅದರ ಹಿಂದೆ ದಡ್ಡತನವಿಲ್ಲ, ಕನ್ನಡದ ತರ್ಕವಿದೆ. ಅವನಿಗೆ ಬರುವ ಇನ್ನೊಂದು ಭಾಷೆಯಾದ ಮರಾಠಿಯೂ ‘ಫಾರ್ ಲೋಕ್’, ‘ಫಾರ್ ಕಾಳಾ’, ‘ಫಾರ್ ಹಸಲಾ’ ಎಂದು ಮೂರು ಕಡೆಗೂ ಒಂದನ್ನೇ ದುಡಿಸಿಕೊಂಡು ಆ ತರ್ಕವನ್ನೇ ಗಟ್ಟಿಮಾಡಿರುತ್ತದೆ. ನಮ್ಮ ಶಾಲಾ ವ್ಯಾಕರಣಗಳಾದರೋ ‘ಆಡ್‌ವರ್ಬ್’ ಅನ್ನು ‘ಕ್ರಿಯಾವಿಶೇಷಣ’ ಎಂದು ಕರೆದು, ಮರುಸಾಲಿನಲ್ಲೇ ಅದು ಗುಣವಾಚಕವನ್ನೂ ವಿಶೇಷಿಸುತ್ತದೆ ಎನ್ನುತ್ತವೆ. ಹೆಸರಿಗೂ ಕೆಲಸಕ್ಕೂ ತಾಳೆಯಾಗದ ಇಂಥ ಕಡೆ ಪಾಪ ಮೇಷ್ಟ್ರು ತಾನೆ ಏನು ಮಾಡಬೇಕು!

ಇರಲಿ, ಪದಕ್ಕೆ ಬರೋಣ. ಸಂಸ್ಕೃತದ ‘ಬಹಲ’ ಮೂಲತಃ ಎಷ್ಟು ಎಂಬುದನ್ನು ಹೇಳುವ ಪದವಲ್ಲ. ಅದು ದಪ್ಪ, ಸಾಂದ್ರ, ಒತ್ತಾದದ್ದು. ಕೈಯಿಂದ ಸೀಳಬಹುದೇನೋ ಎನ್ನಿಸುವ ಕತ್ತಲೆ ಬಹಲಾಂಧಕಾರ. ಬೆಳೆ, ಗಟ್ಟಿಯಾಗು ಎಂಬರ್ಥದ ‘ಬಂಹ್’ ಧಾತುವಿನ ಬಳಗದಲ್ಲಿಯೇ ಬಹು, ಬಹುಲಗಳೂ ಇವೆ, ಪಂಚಾಂಗದಲ್ಲಿ ಕೃಷ್ಣಪಕ್ಷಕ್ಕೆ ಇಂದಿಗೂ ನಿಂತಿರುವ ‘ಬಹುಳ’ವೂ ಇದೆ. ಗ್ರೀಕಿನಲ್ಲಿ ಇದರ ದೂರದ ಅಣ್ಣ ‘ಪಖೂಸ್’ ಎಂದರೆ ದಪ್ಪ. ಆನೆ, ಘೇಂಡಾಮೃಗಗಳಂಥ ದಪ್ಪ ಚರ್ಮದ ಪ್ರಾಣಿಗಳನ್ನು ಇಂಗ್ಲಿಷಿನವರು ‘ಪ್ಯಾಕಿಡರ್ಮ್’ ಎನ್ನುವಾಗ ನಮ್ಮ ‘ಬಹು’ವಿನ ನೆಂಟನನ್ನೇ ಕರೆಯುತ್ತಿರುತ್ತಾರೆ. ದಟ್ಟವಾದದ್ದು ಹೆಚ್ಚಾದದ್ದಾಗಲು, ಹೆಚ್ಚಾದದ್ದು ಇನ್ನೊಂದು ಗುಣದ ಹೆಚ್ಚಳಕ್ಕೆ ಆಳಾಗಲು ಅಂಥ ದೂರವೇನಿಲ್ಲ. ಲಕಾರ ಕನ್ನಡದ ಬಾಯಲ್ಲಿ ಳಕಾರವಾಯಿತು: ಸಂಸ್ಕೃತದಿಂದ ಬಂದ ಲ ಹೀಗೆ ಳ ಆಗುವುದನ್ನು 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ‘ಕ್ಷಳ’ ಎಂದು ಬೇರೆಯಾಗಿಯೇ ಗುರುತಿಸಿದ್ದಾನೆ. ಬಹಳದ ಳ ಆ ಜಾತಿಯದು, ಕನ್ನಡದ್ದೇ ಆದ ಕುಳವಲ್ಲ, ಹಳಗನ್ನಡದ ೞಕಾರವಾದ ರಳವಂತೂ ಅಲ್ಲವೇ ಅಲ್ಲ.

ನಾವು ಪದಪ್ರಿಯರು ತುಸು ನಿಲ್ಲಬೇಕಾದದ್ದು ಮುಂದಿನ ಹೆಜ್ಜೆಯಲ್ಲಿ. ತದ್ಭವಗಳಲ್ಲಿ ಕನ್ನಡ ಸಾಮಾನ್ಯವಾಗಿ ಮಹಾಪ್ರಾಣವನ್ನು ಇಳಿಸುತ್ತದೆ, ಏರಿಸುವುದಿಲ್ಲ. ಇಲ್ಲಿ ಮಾತ್ರ ನಡುವಿನ ಹಕಾರ ಸಾಯಲೊಪ್ಪದೆ ಹಿಂದಕ್ಕೆ ಸರಿದು ಬಕಾರದೊಳಗೆ ಹೊಕ್ಕು, ‘ಬಹಳ’ವನ್ನು ‘ಭಾಳ’ ಮಾಡಿದೆ. ಎರಡು ಹ್ರಸ್ವಗಳು ಕೂಡಿ ದೀರ್ಘವಾಗಿ ಮಾತ್ರೆಯ ಲೆಕ್ಕವೂ ಸರಿಹೋಗಿದೆ. ತೆಂಕಣದ ಹಳ್ಳಿಗಳಲ್ಲಿ ‘ಬಹು’ವಿನ ಗತಿ ನೋಡಿ: ‘ಬೋ ಪಸಂದಾಗೈತೆ’ ಎನ್ನುವಲ್ಲಿ ಹಕಾರ ಗುರುತಿಲ್ಲದೆ ಅಳಿದಿದೆ. ಆದರೆ ಸೊಲ್ಲಾಪುರ, ಕಲಬುರಗಿಗಳ ದಖ್ಖನಿಯವರು ‘ಬಹುತ್’ ಅನ್ನು ‘ಭೋತ್’ ಎನ್ನುತ್ತಾರೆ. ಮರಾಠಿಯಲ್ಲಿ ಮಹಿಷಿ ‘ಮ್ಹೈಸ್’ ಆಗಿದೆ. ಹಕಾರವನ್ನು ಹಿಂದಿನ ವ್ಯಂಜನಕ್ಕೆ ಕಟ್ಟುವ ಈ ಚಾಳಿ ಈ ಸೀಮೆಯ ಗಾಳಿಯಲ್ಲೇ ಇದೆ ಎಂದು ನನ್ನ ಎಣಿಕೆ. ಭಾಳಕ್ಕೆ ಉಸಿರು ಸಿಕ್ಕಿದ್ದು ಭೋತ್, ಮ್ಹೈಸ್‌ಗಳ ಸಹವಾಸದಿಂದ ಇರಬಹುದು. ಬರವಣಿಗೆಯಲ್ಲಿ ಇದನ್ನು ‘ಬಾಳ’ ಎಂದು ತಿದ್ದುವ ಪಂಡಿತರಿಗೆ ಈ ಉಸಿರು ಕೇಳಿಸದಿರುವುದು ಸೋಜಿಗ.

ಬಹಳ ಬರುವ ಮೊದಲು ಕನ್ನಡ ಬರಿಗೈಯಲ್ಲಿರಲಿಲ್ಲ. ಹಳಗನ್ನಡಕ್ಕೆ ‘ಕರಂ’ ಇತ್ತು, ‘ಪಿರಿದು’ ಇತ್ತು. ಬಿರುಸಿನ ‘ಕಡು’, ಬಲದ ‘ಬಲು’ ಇಂದಿಗೂ ಇವೆ. ಪದದ ತಲೆಯನ್ನೇ ಮಡಿಸಿ ನಟ್ಟನಡು, ತುತ್ತತುದಿ, ಮೊಟ್ಟಮೊದಲು, ಬಟ್ಟಬಯಲು ಎಂದು ಬೇರೆ ಪದದ ಹಂಗಿಲ್ಲದೆ ಮಾತನ್ನು ತುದಿಗೇರಿಸುವ ಜಾಣತನವೂ ಉಂಟು. ಆದರೆ ಕಡು ಸಮಾಸದ ಗಂಟಿಗೆ ಬಿದ್ದ ಪದ: ಕಡುಗೆಂಪು, ಕಡುಗಪ್ಪು, ಕಡುಬಡವ ಎಂದು ಮುಂದಿನದನ್ನು ಅಪ್ಪಿಕೊಂಡೇ ನಡೆಯುತ್ತದೆ, ಕಕಾರವನ್ನು ಗಕಾರ ಮಾಡಿಯೇ ಬಿಡುತ್ತದೆ. ಸಂಸ್ಕೃತದ ಬಹಳಕ್ಕೆ ಕನ್ನಡ ಪದದೊಡನೆ ಆ ಅಪ್ಪುಗೆ ಅರಿಸಮಾಸವಾಗಿಬಿಡುತ್ತಿತ್ತು, ಲಾಕ್ಷಣಿಕರಿಗೆ ಸಲ್ಲದು. ಹಾಗಾಗಿ ಬಿಡಿಯಾಗಿ ನಿಲ್ಲಬೇಕಾಗಿ ಬಂದ ಬಹಳ, ಬಿಡಿಯಾಗಿದ್ದುದರಿಂದಲೇ ಯಾವ ಪದದ ಮುಂದೆ ಬೇಕಾದರೂ ಹೋಗಿ ಕೂರಬಲ್ಲದ್ದಾಯಿತು ಎಂದು ಊಹಿಸಿದರೆ ತಪ್ಪಾಗಲಿಕ್ಕಿಲ್ಲ.

ದುಧನಿಯ ತೊಗರಿ ಪೇಟೆಯಲ್ಲಿ, ಅಥವಾ ಸೊಲ್ಲಾಪುರದಿಂದ ವಾಡಿಯ ಕಡೆ ಹೋಗುವ ರೈಲಿನಲ್ಲಿ ಕೂತು ಕಿವಿ ತೆರೆದರೆ ಭಾಳದ ಓರಗೆಯವರೆಲ್ಲ ಸಿಗುತ್ತಾರೆ. ‘ತೊಗರಿ ರೇಟ್ ಭಾಳ ಇಳದದ’ ಎಂದವನಿಗೆ ಎದುರಿನವ ‘ಫಾರ್’ ಎಂದೋ ‘ಖೂಪ್’ ಎಂದೋ ದನಿಗೂಡಿಸುತ್ತಾನೆ. ಫಾರ್ ಎಂಬುದು ಸ್ಫಾರ, ಅಂದರೆ ಹರಡಿದ್ದು, ವಿಸ್ತಾರವಾದದ್ದು. ಖೂಪ್ ಪಾರ್ಸಿಯ ‘ಖೂಬ್’, ಅಂದರೆ ಒಳ್ಳೆಯದು. ‘ಭಾರಿ ಚಲೋ’ ಎನ್ನುವಾಗಿನ ಭಾರಿಯಲ್ಲಿ ಹೊರೆಯ ಭಾರವಿದೆ. ‘ಮಸ್ತ್ ಮಂದಿ ಬಂದಿದ್ರು’ ಎನ್ನುವಾಗಿನ ಮಸ್ತ್ ಪಾರ್ಸಿಯಲ್ಲಿ ಕುಡಿದು ಅಮಲೇರಿದವ. ‘ಅಗದಿ’ ಮರಾಠಿಯ ‘ಅಗದೀ’. ದುಧನಿಯ ತಾಲೂಕು ಕೇಂದ್ರವಾದ ಅಕ್ಕಲಕೋಟೆ ಮರಾಠಿ ದರ್ಬಾರಿನ ಸಂಸ್ಥಾನವಾಗಿತ್ತು, 1948ರಲ್ಲಿ ಮುಂಬಯಿ ಪ್ರಾಂತ್ಯ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಅಗದಿ ಅಲ್ಲಿ ನೆಲೆನಿಂತದ್ದರಲ್ಲಿ ಅಚ್ಚರಿಯಿಲ್ಲ, ಅದು ಧಾರವಾಡದವರೆಗೂ ಬಂದು ಅಲ್ಲಿಯದೇ ಆಗಿಹೋಗಿದೆ. ದಪ್ಪ, ಹರವು, ಒಳಿತು, ಭಾರ, ಅಮಲು: ಒಂದೊಂದೂ ಕೈಗೋ ಕಣ್ಣಿಗೋ ಸಿಗುತ್ತಿದ್ದ ಸ್ವಂತ ಗುಣವನ್ನು ಕಳಚಿಟ್ಟು ಪರರ ಗುಣವನ್ನು ಹಿಗ್ಗಿಸುವ ಕೆಲಸಕ್ಕೆ ನಿಂತಿದೆ. ಇಂಗ್ಲಿಷಿನ ‘ವೆರಿ’ ಹಳೆಯ ಫ್ರೆಂಚಿನಲ್ಲಿ ‘ನಿಜವಾದ’ ಎಂದಿತ್ತು, ಜರ್ಮನಿನ ‘ಜೇರ್’ ಒಂದು ಕಾಲಕ್ಕೆ ನೋವಾಗಿತ್ತು. ನಮ್ಮ ‘ಖರೇ’ ಇನ್ನೂ ಆ ದಾರಿ ಹಿಡಿದಿಲ್ಲ. ‘ಖರೇನ ಚಲೋ ಅದ’ ಎನ್ನುವವ ಇವತ್ತಿಗೂ ಆಣೆಯಿಟ್ಟಂತೆಯೇ ಹೇಳುತ್ತಾನೆ.

ಹೀಗೆ ಗುಣ ಕಳಚಿದ ಮೇಲೂ ಭಾಳ ಸುಮ್ಮನೆ ಕೂತಿಲ್ಲ. ಆಕಾರವನ್ನು ಎಳೆದು ‘ಭಾ…ಳ ಶ್ಯಾಣ್ಯಾ ಅದಿ’ ಎಂದರೆ ಹೊಗಳಿಕೆ ಅಲ್ಲಿಗೆ ಸತ್ತು ಕೊಂಕು ಹುಟ್ಟುತ್ತದೆ (ಮರಾಠಿಯ ಶಹಾಣಾ ಶ್ಯಾಣ್ಯಾ ಆಗುವಾಗ ಹಕಾರ ಮಾಯವಾಗಿದೆ, ಭಾಳದ ಭಾಗ್ಯ ಅದಕ್ಕಿಲ್ಲ). ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದು ‘ಭಾಳ ಆತ್ರೀ’ ಎಂದರೆ ಸಾಕು ಎಂದರ್ಥ, ಅದೇ ಮಾತನ್ನು ಜಗಳದಲ್ಲಿ ‘ಭಾಳ ಆತು ನಿಂದು’ ಎಂದರೆ ಮಿತಿ ಮೀರಿತು ಎಂದು. ‘ಭಾಳ ಅಂದ್ರ ಎರಡು ಚೀಲ’ ಎನ್ನುವಲ್ಲಿ ಅದು ಮೇಲಿನ ಗೆರೆ ಎಳೆದು ಕಡಿಮೆಯನ್ನೇ ಹೇಳುತ್ತಿದೆ. ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ‘ಭಾಳ ಮಾಡಿ ನಾಳಿಗಿ ಬರ್ತಾನ’ ಎಂಬಲ್ಲಿನ ‘ಭಾಳ ಮಾಡಿ’. ಕನ್ನಡದ ಸಹಜ ಜಾಡಿನಲ್ಲಿ ಇಲ್ಲಿ ‘ಹೆಚ್ಚಾಗಿ’ಯಂತೆ ‘ಆಗಿ’ ಬರಬೇಕಿತ್ತು, ‘ಮಾಡಿ’ ಬಂದಿದೆ. ಮರಾಠಿಯ ‘ಬಹುತಕರೂನ್’ ಅಚ್ಚಿನಲ್ಲಿ ಎರಕವಾದ ಮಾತಿದು ಎಂದೇ ನನಗೆ ತೋರುತ್ತದೆ. ಎರಡೂ ಕೊನೆಗೆ ನಿಂತದ್ದು ಸಂಸ್ಕೃತದ ‘ಬಹುಶಃ’ ಕನ್ನಡದಲ್ಲಿ ನಿಂತ ಜಾಗದಲ್ಲೇ: ಬಂದರೂ ಬಂದಾನು, ಬರದಿದ್ದರೂ ಇಲ್ಲ.