ಟಿಕ್ರಿಯ ಟ್ರಾಲಿ ಮನೆಗಳು

2021ರ ಜನವರಿ 1ರ ಬೆಳಿಗ್ಗೆ ದಿಲ್ಲಿಯ ಸಫ್ದರ್‌ಜಂಗ್‌ನಲ್ಲಿ ದಾಖಲಾದ ಉಷ್ಣಾಂಶ 1.1 ಡಿಗ್ರಿ. ಜನವರಿ ತಿಂಗಳಲ್ಲಿ ಅಂಥ ಚಳಿ ಬಿದ್ದು ಹದಿನೈದು ವರ್ಷವಾಗಿತ್ತು. ಜನಕಪುರಿಯ ನಾವು ಹೀಟರ್ ಹಚ್ಚಿಕೊಂಡು ಗೊಣಗುತ್ತಿದ್ದೆವು. ಅದೇ ಹೊತ್ತಿಗೆ ರೋಹ್ತಕ್ ರಸ್ತೆಯಲ್ಲಿ ನಾಂಗ್ಲೋಯಿ, ಮುಂಡಕಾ ದಾಟಿದರೆ ಸಿಗುವ ಟಿಕ್ರಿ ಗಡಿಯಲ್ಲಿ ಸಾವಿರಾರು ಜನ ಟ್ರಾಕ್ಟರ್ ಟ್ರಾಲಿಗಳಲ್ಲಿ ಮಲಗಿದ್ದರು.

ಮೂರು ಕೃಷಿ ಕಾಯ್ದೆಗಳನ್ನು ವಾಪಸ್ ಪಡೆಯಿರಿ ಎಂದು 2020ರ ನವೆಂಬರ್ 26ಕ್ಕೆ ದಿಲ್ಲಿಗೆ ಹೊರಟ ಪಂಜಾಬ್, ಹರಿಯಾಣದ ರೈತರು ಅವರು. ಬ್ಯಾರಿಕೇಡು, ಜಲಫಿರಂಗಿ ಎಲ್ಲ ದಾಟಿ ಬಂದು ಗಡಿಯಲ್ಲೇ ಕೂತರು. ಆರು ತಿಂಗಳಿಗಾಗುವಷ್ಟು ರೇಷನ್ ತಂದಿದ್ದೇವೆ ಅಂದಾಗ ಟಿವಿಯವರು ನಂಬಿರಲಿಕ್ಕಿಲ್ಲ!

ನಮ್ಮ ಊರ ಕಡೆ ಟ್ರೇಲರ್ ಅನ್ನುತ್ತೇವಲ್ಲ, ಅದೇ ಅಲ್ಲಿ ಟ್ರಾಲಿ. ಗೋಧಿ, ಕಬ್ಬು, ಗೊಬ್ಬರ ಹೊರುವ ಬರೀ ಕಬ್ಬಿಣದ ತೊಟ್ಟಿ. ಅದರ ತಳಕ್ಕೆ ದಪ್ಪಗೆ ಭತ್ತದ ಹುಲ್ಲು ಹಾಸಿ, ಮೇಲೆ ಹಾಸಿಗೆ ಬಿಡಿಸಿ, ಬಿದಿರನ್ನೋ ಸರಳನ್ನೋ ಬಗ್ಗಿಸಿ ಟಾರ್ಪಾಲು ಕಟ್ಟಿದರೆ ಮನೆ ಸಿದ್ಧ. ಎಲ್ಲಮ್ಮನ ಜಾತ್ರೆಗೆ ಹೋಗುವ ಕೊಲ್ಲಾರಿ ಬಂಡಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. (ದಿಲ್ಲಿಯ ಹೊಗೆಗೆ ಕಾರಣ ಎಂದು ನಾವು ಪ್ರತಿ ವರ್ಷ ಬೈಯುವ ಪರಾಲಿ ಇದೇ ಹುಲ್ಲು ನೋಡಿ!)

ಆದರೆ ಕಬ್ಬಿಣ ರಾತ್ರಿಯಲ್ಲಿ ಮಂಜಿನಂತೆ ತಣ್ಣಗಾಗುತ್ತದೆ. ಸುತ್ತ ಬಿಗಿಯಾಗಿ ಮುಚ್ಚಿದರೆ ಒಳಗಿನವರ ಉಸಿರೇ ಟಾರ್ಪಾಲಿಗೆ ಹನಿಕಟ್ಟಿ ರಜಾಯಿಯ ಮೇಲೆ ತೊಟ್ಟಿಕ್ಕುತ್ತದೆ. ಮುಚ್ಚದಿದ್ದರೆ ಗಾಳಿ. ಒಳಗೆ ಕೆಂಡ ಇಡೋಣವೆಂದರೆ ಉಸಿರುಕಟ್ಟುವ ಭಯ, ಕೆಳಗೆ ಒಣಹುಲ್ಲು ಬೇರೆ. ಹಾಗಾಗಿ ಬೆಂಕಿಯೆಲ್ಲ ಹೊರಗೆ, ರಸ್ತೆಯ ಮೇಲೆ. ಸ್ನಾನಕ್ಕೆ ಸೌದೆ ಉರಿಸುವ ‘ದೇಸಿ ಗೀಸರ್’ ಬಂದವು. ನಮ್ಮ ಹಂಡೆ ಒಲೆಯ ದಾಯಾದಿ ಅನ್ನಿ. ಜನವರಿಯ ಮೊದಲ ವಾರ ಮಳೆಯೂ ಸುರಿಯಿತು.

ಈ ಗಾಡಿಗಳ ಹೆಸರಲ್ಲೇ ಒಂದು ಪತ್ರಿಕೆಯೂ ಹುಟ್ಟಿತು. 2020ರ ಡಿಸೆಂಬರ್ 18ರಂದು ಪಂಜಾಬಿ ಮತ್ತು ಹಿಂದಿಯಲ್ಲಿ ಬಂದ ‘ಟ್ರಾಲಿ ಟೈಮ್ಸ್’.

ಗಾಡಿಯಲ್ಲೇ ಚಳಿಗಾಲ ಕಳೆಯುವುದು ದಿಲ್ಲಿಗೆ ಹೊಸದೇನಲ್ಲ. ರಸ್ತೆ ಬದಿಯಲ್ಲಿ ಎತ್ತಿನ ಗಾಡಿ ನಿಲ್ಲಿಸಿಕೊಂಡು ಕಬ್ಬಿಣ ಬಡಿಯುವ ಗಾಡಿಯಾ ಲೋಹಾರರನ್ನು ಇಲ್ಲಿದ್ದವರೆಲ್ಲ ನೋಡಿಯೇ ಇರುತ್ತೀರಿ. 1568ರಲ್ಲಿ ಚಿತ್ತೋಡ ಅಕ್ಬರನ ವಶವಾದಾಗ, ಅದು ಮರಳಿ ಸಿಗುವ ತನಕ ಸೂರಿನ ಕೆಳಗೆ ಮಲಗುವುದಿಲ್ಲ ಎಂದು ಶಪಥ ಮಾಡಿದವರ ವಂಶ ಎಂಬುದು ಅವರ ಐತಿಹ್ಯ. 1955ರ ಏಪ್ರಿಲ್‌ನಲ್ಲಿ ನೆಹರೂ ಖುದ್ದಾಗಿ ಅವರನ್ನು ಚಿತ್ತೋಡದ ಕೋಟೆಯೊಳಕ್ಕೆ ಕರೆದೊಯ್ದರು. ಶಪಥ ಮುಗಿಯಿತು, ಸರಿ. ಎಷ್ಟೋ ಜನಕ್ಕೆ ಮನೆ ಮಾತ್ರ ಸಿಗಲಿಲ್ಲ.

ಟಿಕ್ರಿಯವರ ಶಪಥಕ್ಕೆ ಒಂದು ವರ್ಷ ಸಾಕಾಯಿತು. 2021ರ ನವೆಂಬರ್ 19ರಂದು ಪ್ರಧಾನಿ ಕಾಯ್ದೆಗಳ ವಾಪಸಾತಿ ಘೋಷಿಸಿದರು, 29ರಂದು ಸಂಸತ್ತು ಒಪ್ಪಿತು. ಚಳಿ, ಕಾಯಿಲೆ, ಅಪಘಾತ, ಆತ್ಮಹತ್ಯೆ ಎಲ್ಲ ಸೇರಿ ಸತ್ತವರು ಸುಮಾರು ಏಳುನೂರು ಎಂಬುದು ಸಂಘಟನೆಗಳ ಲೆಕ್ಕ. ಪರಿಹಾರದ ಪ್ರಶ್ನೆ ಬಂದಾಗ, ತನ್ನ ಬಳಿ ಅಂಥ ದಾಖಲೆಯೇ ಇಲ್ಲ ಎಂದು ಸರ್ಕಾರ ಅದೇ ಅಧಿವೇಶನದಲ್ಲಿ ಲೋಕಸಭೆಗೆ ಹೇಳಿತು.

ಡಿಸೆಂಬರ್ 11ರಂದು ಟಾರ್ಪಾಲು, ಬಿದಿರು, ಹಾಸಿಗೆ ಎಲ್ಲ ಹೇರಿಕೊಂಡು ಟ್ರಾಲಿಗಳು ಊರ ದಾರಿ ಹಿಡಿದವು.